ಗಿರಣಿ ನಿಂತಾಗ ಕೇಳುವ ನಗು

ಕಳಿಸಬಾರದಿತ್ತೇನೋ. ಕಳಿಸುವ ಮೊದಲು ಅವಳನ್ನೊಮ್ಮೆ ಕೇಳಬೇಕಿತ್ತೇನೋ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಇಲ್ಲವೇ ಏನೂ ಅನ್ನದೆ ಎದ್ದು ಒಳಗೆ ಹೋಗುತ್ತಿದ್ದಳು. ಬೇಡ ಅಂದರೆ ತಡೆದುಕೊಳ್ಳಬಹುದು. ಎದ್ದು ಹೋದರೆ ಏನು ಮಾಡುವುದು?

ಬೆಳಕು ಇನ್ನೂ ಸರಿಯಾಗಿ ಮೂಡದ ಹೊತ್ತು. ರೋಣದ ಬಜಾರದ ಹಿಂದಿನ ಓಣಿಯಲ್ಲಿ, ತಮ್ಮ ಹಿಟ್ಟಿನ ಗಿರಣಿಯ ನೆಲದ ಮೇಲೆ ಮಹಾಲಿಂಗಪ್ಪ ಹೀಗೆ ತಮ್ಮೊಳಗೇ ಜಗ್ಗಾಡುತ್ತ ಕೂತಿದ್ದಾರೆ. ಎದುರಿಗೆ ಬಿಚ್ಚಿಟ್ಟ ಬೀಸುಕಲ್ಲು. ಜೋಳ ಅರೆದರೆದು ನುಣುಪಾದ ಕಲ್ಲಿಗೆ ಉಳಿಯಿಂದ ಮತ್ತೆ ಗೀರು ಹೊಡೆಯಬೇಕು, ಇಲ್ಲದಿದ್ದರೆ ಹಿಟ್ಟು ಬಿಸಿಯಾಗಿ ರೊಟ್ಟಿ ಹರಿಯುತ್ತದೆ. ಉಳಿ ಬೀಳುವ ಸದ್ದು ಓಣಿಗೆಲ್ಲ ಕೇಳುತ್ತದೆ. ಅದು ನಡುನಡುವೆ ನಿಲ್ಲುತ್ತಿರುವುದನ್ನು ಎದುರಿನ ಚಹಾದಂಗಡಿಯ ಪರಶಪ್ಪ ಗಮನಿಸಿದ್ದಾರೆ.

"ಏನ್ ಮಾಲಿಂಗಪ್ಪಾ, ಕಲ್ಲಿಗೆ ಹೊಡಿಯಾಕತ್ತಿಯೋ, ಕಲ್ಲಿನ ಕೂಡ ಮಾತಾಡಾಕತ್ತಿಯೋ?"

"ಎರಡೂ ಮಾಡಾಕತ್ತೇನಿ. ನೀ ಚಾ ಕಳಸು."

ಈ ದಿನ ಸಂಜೆ ಟೀವಿಯಲ್ಲಿ 'ಕಟ್ಟಿ ಮ್ಯಾಲಿನ ಮಂದಿ' ಎಂಬ ಹಾಸ್ಯ ಧಾರಾವಾಹಿಯ ಹೊಸ ಕಂತು ಬರಲಿದೆ. ಅದರಲ್ಲೊಂದು ಮಾತು ಮಹಾಲಿಂಗಪ್ಪನವರದು. ಮಾತಿನಲ್ಲಿ ಹೊಳೆಮಣ್ಣೂರಿನ ಹೆಸರಿದೆ. ಹೊಳೆಮಣ್ಣೂರು ಅವರ ಹೆಂಡತಿ ಸಿದ್ದಲಿಂಗವ್ವನ ತವರು. ಮಲಪ್ರಭೆ ಊರೊಳಗೆ ಹೊಕ್ಕು ತವರುಮನೆಯ ಹಿತ್ತಲಗೋಡೆಯನ್ನು ಒಯ್ದ ಮೇಲೆ ಸಿದ್ದಲಿಂಗವ್ವ ಆ ಊರಿನ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಇಂದು ಆ ಹೆಸರು ತಮಾಷೆಯಾಗಿ ಅವರ ಮನೆಯ ಪಡಸಾಲೆಗೇ ಬರುತ್ತದೆ. ಆಕೆ ನಗುತ್ತಾರೋ ಇಲ್ಲವೋ ಎಂಬುದೊಂದೇ ಈಗ ಮಹಾಲಿಂಗಪ್ಪನವರ ಚಿಂತೆ.

ಟೀವಿಯವರಿಗೂ ಹಿಟ್ಟಿನ ಗಿರಣಿಗೂ ಏನು ನಂಟು ಎಂದು ಕೇಳಿದರೆ ಓಣಿಯವರು ನರಗುಂದದ ಗುಡ್ಡದಿಂದ ಕಥೆ ಶುರು ಮಾಡುತ್ತಾರೆ.

ಈ ಧಾರಾವಾಹಿಯನ್ನು ಬರೆಯುವ ಶ್ವೇತಾ ಹುಬ್ಬಳ್ಳಿಯಲ್ಲಿ ಬೆಳೆದವರು, ಈಗ ಬೆಂಗಳೂರಿನಲ್ಲಿದ್ದಾರೆ. ಕಥೆ ನಡೆಯುವುದು ಈ ಸೀಮೆಯ ಒಂದು ಊರಿನಲ್ಲಾದ್ದರಿಂದ, ಓಣಿ, ಕಟ್ಟೆ, ಬಾಗಿಲುಗಳ ಚಿತ್ರ ತೆಗೆಯಲು ತಂಡದೊಡನೆ ರೋಣಕ್ಕೆ ಬಂದಿದ್ದರು. ಗಿರಣಿಯ ಸದ್ದಿಗೆ ಧ್ವನಿಮುದ್ರಣ ಕೆಡುತ್ತಿತ್ತು. ಒಂದು ಗಳಿಗೆ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದರು. ಮಹಾಲಿಂಗಪ್ಪ ಸ್ವಿಚ್ಚು ಆರಿಸಿದರು.

ಗಿರಣಿಯೊಳಗೆ ಮಾತಾಡುವವರು ಕೂಗಿಯೇ ಮಾತಾಡಬೇಕು. ಮೋಟರು ಹಠಾತ್ತನೆ ನಿಂತರೆ ಬಾಯಲ್ಲಿದ್ದ ಮಾತು ಅದೇ ಕೂಗಿನಲ್ಲಿ ಊರಿಗೆಲ್ಲ ಕೇಳುತ್ತದೆ. ಅಂದು ಆ ಪಾಳಿ ಮದರಬಿಯವರದಾಗಿತ್ತು. ಮೆಣಸಿನಕಾಯಿ ಪುಡಿ ಮಾಡಿಸಲು ಬಂದಿದ್ದ ಅವರು ಪಕ್ಕದವಳಿಗೆ ತಮ್ಮ ಸೊಸೆಯ ಬಗ್ಗೆ ಹೇಳುತ್ತಿದ್ದರು. ಬೆಲ್ಟು ನಿಂತಿತು. ಆ ನಿಶ್ಶಬ್ದದಲ್ಲಿ ಮದರಬಿಯ ದನಿ ಬಜಾರದವರೆಗೆ ಹೋಯಿತು: "ಬರ್ತೇನಿ, ಬರ್ತೇನಿ ಅಂತಾಳವಾ. ನರಗುಂದದ ಗುಡ್ಡ ಆಗ್ಯಾಳ ನನ್ನ ಸೊಸಿ!"

ಓಣಿಯೆಲ್ಲ ನಕ್ಕಿತು. ಶ್ವೇತಾರ ತಂಡದ ಹುಡುಗರು ಮಾತ್ರ ಮುಖ ಮುಖ ನೋಡಿಕೊಂಡರು. ಮಹಾಲಿಂಗಪ್ಪ ವಿವರಿಸಿದರು. ಈ ಎರೆನೆಲದ ಬಯಲಿನಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ನರಗುಂದದ ಗುಡ್ಡ ಎಷ್ಟೋ ಮೊದಲೇ ಕಾಣುತ್ತದೆ. ಹೊಸಬರು ಊರು ಬಂತೆಂದು ಎದ್ದು ಚೀಲ ಹೆಗಲಿಗೆ ಹಾಕಿ ನಿಲ್ಲುತ್ತಾರೆ. ನಿಂತೇ ಇರುತ್ತಾರೆ. ಗುಡ್ಡ ಕಾಣುತ್ತಲೇ ಇರುತ್ತದೆ, ಊರು ಬರುವುದಿಲ್ಲ.

ಮುಂದೆ ಧಾರಾವಾಹಿಯಲ್ಲಿ, ಹುಡುಗಿಯನ್ನು ಒಮ್ಮೆ ನೋಡಿ ಬಂದದ್ದಕ್ಕೇ ಕೋಟು ಹೊಲಿಸಲು ಹೊರಟ ಮೈದುನನಿಗೆ ಅತ್ತಿಗೆ ಹೇಳುತ್ತಾಳೆ, "ಗುಡ್ಡ ಕಂಡೈತಿ ಅಷ್ಟಽ, ಚೀಲ ಕೆಳಗಿಡು." ಅದು ಬಂದ ಸಂಜೆ ನರಗುಂದದಲ್ಲಿ ನಕ್ಕರು, ಗಜೇಂದ್ರಗಡದಲ್ಲೂ ನಕ್ಕರು. ಗುಡ್ಡವನ್ನೇ ನೋಡದ ಊರುಗಳಲ್ಲಿ ಮೈದುನನ ಮುಖ ನೋಡಿ ನಕ್ಕರು. ಅಂದಿನಿಂದ ಶ್ವೇತಾ ಮಹಾಲಿಂಗಪ್ಪನವರನ್ನು ಬಿಟ್ಟಿಲ್ಲ. ದೃಶ್ಯ ಬರೆದು ಓದಿ ಧ್ವನಿ ಸಂದೇಶ ಕಳಿಸುತ್ತಾರೆ. "ಕಾಕಾ, ಇಲ್ಲಿ ಅತ್ತಿ ಸಿಟ್ಟಿಗೇಳ್ತಾಳ. ನಿಮ್ಮ ಕಡೆಯವರು ಯಾವುದನ್ನ ನೆನಸ್ತಾರ?" ಎಂದು ಕೇಳುತ್ತಾರೆ.

"ಅಡಿಗಿ ಆಕಿದ್ರಿ. ನಾ ಒಗ್ಗರಣಿ ಕೊಡಾಂವ," ಎನ್ನುತ್ತಾರೆ ಮಹಾಲಿಂಗಪ್ಪ. "ಸಾಸಿವಿ ಸೈತ ನನ್ನದಲ್ಲ. ಇಲ್ಲೆ ಬಂದು ಕುಂತವರದು."

ಅಪ್ಪನ ಕಾಲದ ಗಿರಣಿ ಇದು. ಕಾಲೇಜು ಮುಗಿಸದೆಯೇ ಇದರ ಬೆಲ್ಟು ಹಿಡಿದರು. ಈಗ ಪೊಟ್ಟಣದ ಹಿಟ್ಟು ಅಂಗಡಿ ಅಂಗಡಿಗೆ ಬಂದಿದೆ, ಕೆಲವರು ಮನೆಯಲ್ಲೇ ಪುಟ್ಟ ಗಿರಣಿ ಇಟ್ಟುಕೊಂಡಿದ್ದಾರೆ, ಕರೆಂಟು ತನ್ನ ಮನಸ್ಸಿಗೆ ಬಂದಾಗ ಬಂದು ಹೋಗುತ್ತದೆ. ಮೆಣಸಿನಕಾಯಿ ಪುಡಿಯ ದಿನಗಳಲ್ಲಿ ರಾತ್ರಿಯೆಲ್ಲ ಕೆಮ್ಮು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷದ ಗದ್ದಲ ಅವರ ಕಿವಿಗಳನ್ನು ಅರೆದುಹಾಕಿದೆ. ಎಡಗಿವಿ ಹೆಸರಿಗಷ್ಟೇ ಇದೆ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಫೋನಿನಲ್ಲಿ ತುಟಿ ಕಾಣುವುದಿಲ್ಲವಾದ್ದರಿಂದ ಶ್ವೇತಾ ಕಳಿಸಿದ್ದನ್ನು ಪೂರ್ತಿ ದನಿಯಲ್ಲಿ ಹಚ್ಚುತ್ತಾರೆ. "ಕಾಕಾ, ಇದು ನಮ್ಮಿಬ್ಬರೊಳಗಽ ಇರಲಿ," ಎಂದು ಆಕೆ ಶುರು ಮಾಡಿದರೆ ಪರಶಪ್ಪನ ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಕಿವಿ ನಿಮಿರಿಸುತ್ತಾರೆ. ಮುಂದಿನ ಕಂತಿನಲ್ಲಿ ಏನಾಗುತ್ತದೆಂದು ರೋಣದ ಈ ಓಣಿಗೆ ಯಾವಾಗಲೂ ಮೊದಲೇ ಗೊತ್ತಿರುತ್ತದೆ.

ಹೊಳೆದ ಮಾತನ್ನು ಅವರು ಹಾಗೇ ಕಳಿಸುವುದಿಲ್ಲ. ಅದನ್ನು ಗಿರಣಿಯಲ್ಲಿ ಹಾಯಿಸುತ್ತಾರೆ. ಒಬ್ಬರ ಜೋಳ ಮುಗಿದು ಇನ್ನೊಬ್ಬರ ಚೀಲ ಸುರಿಯುವ ಮೊದಲು ಮೋಟರು ಆರಿಸುತ್ತಾರೆ. ಬೆಲ್ಟು ಪಟಪಟ ಬಡಿಯುತ್ತ ಸೋತು ನಿಲ್ಲುತ್ತದೆ. ಆಗೊಂದು ನಿಶ್ಶಬ್ದ ಇಳಿಯುತ್ತದೆ. ಗದ್ದಲದಲ್ಲಿ ಕೂತಿದ್ದವರಿಗೆ ಆ ನಿಶ್ಶಬ್ದ ಮಾಡಿನಿಂದ ಬಿದ್ದ ಹಾಗೆ ಅನ್ನಿಸುತ್ತದೆ. ಯಾರೂ ಏನೂ ಹೇಳದ ಆ ಗಳಿಗೆಯಲ್ಲಿ ಮಹಾಲಿಂಗಪ್ಪ, ಯಾರನ್ನೂ ನೋಡದೆ, ಹಿಟ್ಟು ಝಾಡಿಸುತ್ತ ತಮ್ಮ ಮಾತು ಉದುರಿಸುತ್ತಾರೆ. ನಕ್ಕರೆ ಅದು ಬೆಂಗಳೂರಿಗೆ ಹೋಗುತ್ತದೆ. ಯಾರಾದರೂ "ಹಂಗಂದ್ರೇನ್ರಿ?" ಎಂದರೆ ಅಲ್ಲಿಗೇ ಮುಗಿಯಿತು.

"ಗದ್ದಲದಾಗ ಎಲ್ಲಾರೂ ನಗತಾರ್ರಿ, ಏನೂ ಕೇಳಸಂಗಿಲ್ಲಲ್ಲ, ಅದಕ್ಕ. ಸದ್ದಿಲ್ಲದಾಗ ನಕ್ಕದ್ದು ಖರೇ."

ಹೀಗೆ ಪಾಸಾದ ಮಾತುಗಳು ಈಗ ಊರೂರಲ್ಲಿ ಓಡಾಡುತ್ತಿವೆ. ದಿನವಿಡೀ ಪರರ ಕೆಲಸಕ್ಕೆ ತಿರುಗುವ ಅಳಿಯನನ್ನು ಕಂಡು ಧಾರಾವಾಹಿಯ ಮಾವ, "ಗಜೇಂದ್ರಗಡದ ಗಾಳಿಯಂತ್ರ ನೋಡವಾ ನಿನ್ನ ಗಂಡ. ತಿರಗೂದು ನಮ್ಮ ಗುಡ್ಡದ ಮ್ಯಾಲೆ, ದೀಪ ಹತ್ತೂದು ಯಾರ ಮನ್ಯಾಗೋ," ಎನ್ನುತ್ತಾನೆ. ದ್ರೋಣಾಚಾರ್ಯರ ಊರೇ ರೋಣವಾಯಿತೆಂದು ಇಲ್ಲಿಯವರು ಹೇಳಿಕೊಳ್ಳುವ ಕಥೆಯೂ ಒಂದು ಕಂತಿನಲ್ಲಿ ಬಂತು: "ಅದಕ್ಕಽ ಈ ಊರಾಗ ಎಲ್ಲಾರೂ ಗುರುಗಳು, ಶಿಷ್ಯಾ ಆಗಾಕ ಒಬ್ಬಾಂವನೂ ಸಿಗವಲ್ಲ." ಇದು ಬಂದ ಮರುದಿನ ಮೂವರು ನಿವೃತ್ತ ಮಾಸ್ತರರು ಬೇರೆ ಬೇರೆಯಾಗಿ ಬಂದು, ಇದು ತಮ್ಮ ಬಗ್ಗೆಯೇ ಅಲ್ಲವೇ ಎಂದು ಖುಷಿಯಿಂದ ವಿಚಾರಿಸಿ ಹೋದರು.

ಟೀವಿಗೆ ಹೋಗದೆ ಉಳಿದ ಮಾತುಗಳೂ ಉಂಟು. ಪರಶಪ್ಪನ ಚಹಾದ ಮೇಲೆ ಮಾಡಿದ ಒಂದು ಮಾತಿಗೆ ಗಿರಣಿಯಲ್ಲಿ ಹೆಂಗಸರು ಕಣ್ಣೀರು ಬರುವಂತೆ ನಕ್ಕಿದ್ದರು. ಶ್ವೇತಾ ತೆಗೆದುಹಾಕಿದರು. "ಕಾಕಾ, ಇದು ಆ ಚಾ ಕುಡದವರಿಗೆ ಅಷ್ಟಽ ತಿಳಿತದ. ಎಲ್ಲಾರಿಗೂ ಕುಡಿಸಲಿಕ್ಕೆ ಆಗೂದಿಲ್ಲ." ಮಹಾಲಿಂಗಪ್ಪ ಎರಡು ದಿನ ಫೋನು ಎತ್ತಲಿಲ್ಲ. ಮೂರನೆಯ ದಿನ ಆಕೆಯದೇ ಸರಿ ಅನ್ನಿಸಿತು. ಪರಶಪ್ಪನಿಗೆ ಮಾತ್ರ ಇಂದಿಗೂ ಸಮಾಧಾನವಿಲ್ಲ. ಟೀವಿಯಲ್ಲಿ ಬೈಸಿಕೊಳ್ಳುವ ಯೋಗ ತಪ್ಪಿತಲ್ಲ ಎಂಬುದು ಅವರ ಕೊರಗು.

ಇನ್ನೊಂದು ತೊಡಕು, ಗುಟ್ಟು ರಟ್ಟಾದದ್ದು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಎಂದು ತಿಳಿದಾಗಿನಿಂದ ಹೆಂಗಸರು ಬೇಕೆಂದೇ ನಗುವುದಿಲ್ಲ. ಮೋಟರು ನಿಂತೊಡನೆ ಸಾಲಾಗಿ ಮುಖ ಬಿಗಿದು ಕೂರುತ್ತಾರೆ. "ಹೇಳಪಾ, ಪರೀಕ್ಷಾ ಬರಿ," ಎನ್ನುತ್ತಾರೆ ಮದರಬಿ. ಹೇಳಿದ ಮೇಲೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಮಹಾಲಿಂಗಪ್ಪ ಈಗ ತುಟಿ ಬಿಟ್ಟು ಹೆಗಲು ನೋಡುವುದನ್ನು ಕಲಿತಿದ್ದಾರೆ. ಹೆಗಲು ಕುಣಿದರೆ ಪಾಸು.

ಅವರದೊಂದು ನಿಯಮವಿದೆ. ಯಾವ ಊರಿನ ಮೇಲೆ ಮಾತೋ ಆ ಊರಿನವರೊಬ್ಬರು ಗಿರಣಿಯಲ್ಲಿ ಕೂತಿರಬೇಕು. ರಾಜೂರಿನ ಮಾತಿಗೆ ರಾಜೂರಿನವರು ಬರುವ ತನಕ ಕಾದದ್ದುಂಟು. ಸವಡಿಯ ಮೇಲಿನ ಒಂದು ಮಾತನ್ನು ಸವಡಿಯ ಅಜ್ಜಿಯೊಬ್ಬರು ಗದ್ದಕ್ಕೆ ಕೈ ಹಚ್ಚಿ ಸುಮ್ಮನೆ ಕೇಳಿ, ಸುಮ್ಮನೆ ಹಿಟ್ಟಿನ ಡಬ್ಬಿ ಹೊತ್ತು ಹೋದರು. ಆ ಮಾತನ್ನು ಅವರು ಮತ್ತೆಲ್ಲೂ ಆಡಲಿಲ್ಲ. ಆ ನಿಯಮವನ್ನು ಈ ಸಲ ಅವರೇ ಮುರಿದಿದ್ದಾರೆ.

ಶ್ವೇತಾ ಕಳಿಸಿದ್ದ ದೃಶ್ಯ ಇಷ್ಟು. ಮಕ್ಕಳೆಲ್ಲ ಸೇರಿ ಮನೆಯ ಹಿರಿಯನಿಗೆ ಹೊಸ ಪಲ್ಲಂಗ ತಂದುಕೊಡುತ್ತಾರೆ. ಆತ ಗಾದಿಯ ಪ್ಲಾಸ್ಟಿಕ್ ಕೂಡ ಬಿಚ್ಚದೆ, ಪಲ್ಲಂಗದ ಮೇಲೆ ಉಳ್ಳಾಗಡ್ಡಿ ಹರವಿ, ತಾನು ಎಂದಿನಂತೆ ನೆಲಕ್ಕೆ ಕಂಬಳಿ ಹಾಸುತ್ತಾನೆ. ಸೊಸೆ ಏನೆನ್ನಬೇಕು? ಮಹಾಲಿಂಗಪ್ಪನಿಗೆ ಯೋಚನೆಯೇ ಬೇಕಾಗಲಿಲ್ಲ. ಮೋಟರು ಆರಿಸಿ ಅಂದುಬಿಟ್ಟರು: "ಹೊಳೆಮಣ್ಣೂರಿನವರಿಗೆ ದಿಬ್ಬದ ಮ್ಯಾಲೆ ಹೊಸಮನಿ ಕೊಟ್ಟಂಗ ಆತು. ಕೀಲಿಕೈ ಉಡದಾರಕ್ಕ, ನಿದ್ದಿ ಹೊಳಿ ದಂಡಿಗೆ."

ಹೊಳೆ ನುಗ್ಗಿದ ಮೇಲೆ ಸರ್ಕಾರ ಎತ್ತರದಲ್ಲಿ ಕಟ್ಟಿಕೊಟ್ಟ ಮನೆಗಳನ್ನು ಬಿಟ್ಟು ಆ ಊರಿನವರು ಹಳೆಯ ಮನೆಗಳಲ್ಲೇ ಮಲಗುವುದು ಸೀಮೆಗೆಲ್ಲ ಗೊತ್ತು. ಮದರಬಿಗೆ ಸೆರಗು ಸಿಗುವ ಮೊದಲೇ ನಗು ಬಂತು. ಆದರೆ ಅಂದು ಗಿರಣಿಯಲ್ಲಿ ಹೊಳೆಮಣ್ಣೂರಿನವರು ಯಾರೂ ಇರಲಿಲ್ಲ. ಅವರು ಬರುವುದು ಸಂತೆಯ ದಿನ. ಸಂತೆಗೆ ಇನ್ನೂ ನಾಲ್ಕು ದಿನವಿತ್ತು. ಕಾಯದೆ ಯಾಕೆ ಕಳಿಸಿದಿರಿ ಎಂದರೆ ಮಹಾಲಿಂಗಪ್ಪ ಬೆಲ್ಟಿನ ಕಡೆ ನೋಡುತ್ತಾರೆ.

ಮದುವೆಯಾಗಿ ಬಂದ ಹೊಸತರಲ್ಲಿ ಸಿದ್ದಲಿಂಗವ್ವನ ಪ್ರತಿ ಮಾತೂ "ನಮ್ಮೂರಾಗ" ಎಂದೇ ಹೊರಡುತ್ತಿತ್ತು. ನಮ್ಮೂರಾಗ ಬದನಿಕಾಯಿಗೆ ಇಂಥಾ ಚೊಗರು ಇರಂಗಿಲ್ಲ. ನಮ್ಮೂರಾಗ ಹೊಳಿ ನೀರಾಗ ಬ್ಯಾಳಿ ಒಂದಽ ಕುದಿಗೆ ಬೇಯ್ತಾವು. ಅತ್ತೆ ಬೇಸತ್ತು, "ಹೊಳೀನ ಇಲ್ಲಿಗೆ ತಂದಬಿಡವಾ ಹಂಗಾರ," ಎಂದದ್ದುಂಟು. ಹೊಳೆ ಊರೊಳಗೆ ಬಂದು ಹೋದ ಮೇಲೆ ನೋಡಲು ಹೋದ ಸಿದ್ದಲಿಂಗವ್ವ ಸಂಜೆಗೆ ತಿರುಗಿ ಬಂದರು. ಕಾಲಿನ ಕೆಸರು ತೊಳೆದುಕೊಂಡು, "ಹೋದದ್ದು ಹೋತು," ಎಂದಷ್ಟೇ ಹೇಳಿ ರೊಟ್ಟಿಗೆ ಕೂತರು. ಆಮೇಲೆ "ನಮ್ಮೂರಾಗ" ಎಂಬ ಮಾತು ಆ ಮನೆಯಲ್ಲಿ ಕೇಳಲಿಲ್ಲ. ಆಕೆ ನಗುತ್ತಾರೆ, ಜಗಳಾಡುತ್ತಾರೆ, ತಾಯಿ ಮಾಯವ್ವನಿಗೆ ದಿನಾ ಫೋನು ಹಚ್ಚಿ ಉಂಡಿಯಾ, ಗುಳಿಗಿ ತಗೊಂಡಿಯಾ ಎಂದು ಕೇಳುತ್ತಾರೆ. ಊರಿನ ಮಾತಿಲ್ಲ, ಹೊಳೆಯ ಮಾತಿಲ್ಲ. ಊರೆಲ್ಲ ನಗಿಸುವ ಗಂಡನಿಗೆ ಆ ಒಂದು ಬಾಗಿಲು ಹೇಗೆ ತಟ್ಟುವುದೆಂದು ತಿಳಿಯದು.

ಸಂಜೆಯಾಗುತ್ತದೆ. ಗಿರಣಿಯನ್ನು ಎಂದಿಗಿಂತ ಬೇಗ ಮುಚ್ಚಿ, ಮೈಮೇಲಿನ ಹಿಟ್ಟು ತೊಳೆದು ಮಹಾಲಿಂಗಪ್ಪ ಪಡಸಾಲೆಯಲ್ಲಿ ಕೂರುತ್ತಾರೆ. ಸಿದ್ದಲಿಂಗವ್ವ ಅವರೆ ಸುಲಿಯುತ್ತ ನೋಡುತ್ತಿದ್ದಾರೆ. ಪಲ್ಲಂಗ ಬರುತ್ತದೆ. ಉಳ್ಳಾಗಡ್ಡಿ ಬರುತ್ತದೆ. ಆಕೆ ಸಣ್ಣಗೆ ನಗುತ್ತಾರೆ. ಆಮೇಲೆ ಟೀವಿಯ ಸೊಸೆ ಸೊಂಟಕ್ಕೆ ಕೈ ಇಟ್ಟು ಆ ಮಾತು ಆಡುತ್ತಾಳೆ.

ಸಿದ್ದಲಿಂಗವ್ವನ ಕೈಯಲ್ಲಿನ ಅವರೆಕಾಯಿ ಹಾಗೇ ನಿಲ್ಲುತ್ತದೆ. ಜಾಹೀರಾತು ಶುರುವಾಗುತ್ತದೆ. ಆಕೆ ಮೊರ ಕೆಳಗಿಟ್ಟು ಎದ್ದು ಒಳಗೆ ಹೋಗುತ್ತಾರೆ.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿಲ್ಲ. ಪಾತ್ರೆಯ ಸದ್ದೂ ಇಲ್ಲ. ಅಥವಾ ತಮ್ಮ ಕಿವಿಗೇ ಕೇಳುತ್ತಿಲ್ಲವೋ? ಗೋಡೆಗೆ ತುಟಿ ಇರುವುದಿಲ್ಲ, ಓದುವುದಾದರೂ ಏನನ್ನು? ಮಹಾಲಿಂಗಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ. ಸಿದ್ದಲಿಂಗವ್ವ ಅತ್ತ ಮುಖ ಮಾಡಿ ನಿಂತಿದ್ದಾರೆ. ಕಿವಿಗೆ ಫೋನು. ಹೆಗಲು ಕುಣಿಯುತ್ತಿವೆ.

ಗಿರಣಿಯ ಹೆಂಗಸರ ಹೆಗಲು ಅವರಿಗೆ ತಿಳಿಯುತ್ತದೆ. ಈ ಹೆಗಲು ತಿಳಿಯಲಿಲ್ಲ. ಅತ್ತರೂ ಹೆಗಲು ಹೀಗೇ ಕುಣಿಯುತ್ತದಲ್ಲ. ಹೆಸರು ಹಿಡಿದು ಕರೆಯಲು ಬಾಯಿ ತೆರೆದರು. ಅಷ್ಟರಲ್ಲಿ ಆಕೆ ತಿರುಗಿದರು. ಕಣ್ಣು ತುಂಬ ನೀರು. ತುಟಿಗಳು ಏನನ್ನೋ ಹೇಳುತ್ತಿವೆ. ಮಹಾಲಿಂಗಪ್ಪ ಓದಿದರು. ಎಮ್ಮಿ.

"ಎಮ್ಮಿ ಬಿಟ್ಟಾಳ್ರೀ," ಎಂದರು ಸಿದ್ದಲಿಂಗವ್ವ, ನಗು ತಡೆಯಲಾಗದೆ ಗೋಡೆಗೆ ಆತುಕೊಂಡು. "ಆ ಬರಿಯಾಕಿ ಮಾತು ಅರ್ಧಾ ಬಿಟ್ಟಾಳ. ನಮ್ಮವ್ವಗ ಸಿಟ್ಟ ಬಂದೈತಿ. ತಗೋರಿ, ಆಕೀನಽ ಕೇಳ್ರಿ."

ಫೋನಿನ ದನಿ ಪೂರ್ತಿ ಏರಿಸಿದರು. ಹೊಳೆಮಣ್ಣೂರಿನಿಂದ ಮಾಯವ್ವ ಕೂಗುತ್ತಿದ್ದರು. "ಅಳಿಯಂದ್ರ, ಕೀಲಿಕೈ ಅಂದಾರ, ನಿದ್ದಿ ಅಂದಾರ, ಖರೇ ಐತಿ. ಹೊಸಮನ್ಯಾಗ ಯಾರ ಅದಾರ ಅಂತ ಹೇಳಬೇಕಿಲ್ಲೇನ್ರಿ? ನಮ್ಮ ಎಮ್ಮಿ ಐತಿ. ಫ್ಯಾನಿನ ಕೆಳಗ ಮಲಗತೈತಿ. ಕರೆಂಟ ಹೋತಂದ್ರ ಹಾಲ ಹಿಂಡಗೊಡಂಗಿಲ್ಲ. ನಾ ಹಳೀ ಮನಿ ಕಟ್ಟಿಗೆ ಕುಂತು ಸೆರಗಿನ್ಯಾಗ ಗಾಳಿ ಹಾಕ್ಕೋತೇನಿ, ಅದು ಅಲ್ಲೆ ರಾಣಿಹಂಗ ಮೆಲಕ ಹಾಕತೈತಿ. ಇದನ್ನ ಬಿಟ್ಟು ಉಳದದ್ದು ಹೇಳಿದ್ರ ಏನ್ ಬಂತು?"

"ಹೌದ್ರಿ ಅತ್ತಿ, ತಪ್ಪಾಗೈತಿ," ಎಂದರು ಮಹಾಲಿಂಗಪ್ಪ.

"ನಿಮ್ಮ ತಪ್ಪ ಏನೈತ್ರಿ ಅದರಾಗ. ಆ ಹುಡಿಗಿಗೆ ಹೇಳ್ರಿ."

ಫೋನು ಇಟ್ಟ ಮೇಲೆ ಸಿದ್ದಲಿಂಗವ್ವ ಕಣ್ಣೊರೆಸಿಕೊಂಡು ಗಂಡನನ್ನು ನೇರವಾಗಿ ನೋಡಿದರು. "ಆಕಿಗೆ ಹೊಳೆಮಣ್ಣೂರ ಸುದ್ದಿ ಹೇಳದವರು ಯಾರು?"

"ಗಿರಣ್ಯಾಗ ಯಾರರ ಅಂದಿರಬೇಕು."

"ಗಿರಣಿಗೆ ನಮ್ಮೂರವರು ಬರೂದು ಸಂತಿ ದಿನ ಅಲ್ಲೇನು?"

ಮಹಾಲಿಂಗಪ್ಪ ತಮ್ಮ ಎಡಗಿವಿಯನ್ನು ಆಕೆಯ ಕಡೆ ತಿರುಗಿಸಿ, ಕೇಳಿಸಲಿಲ್ಲವೆಂಬಂತೆ ನಿಂತರು.

ಆ ಸಂಜೆ ರೊಟ್ಟಿ ಒಂದೆರಡು ಸೀದವು. ಬಡಿಯುವ ಕೈ ನಡುನಡುವೆ ನಿಂತು ಮಾತಾಡುತ್ತಿತ್ತು. ಹೊಸಮನೆ ಚೆನ್ನಾಗಿಯೇ ಇದೆ, ಆದರೆ ಅಲ್ಲಿಂದ ಹೊಳೆ ಕಾಣುವುದಿಲ್ಲ, ಅದಕ್ಕೇ ಅವ್ವ ಹೋಗುವುದಿಲ್ಲ, ಎಂದರು. ಹಿತ್ತಲಗೋಡೆ ಬಿದ್ದಾಗ ಅಜ್ಜಿಯ ಬೀಸುಕಲ್ಲು ಹೂಳಿನಲ್ಲಿ ಹೋದದ್ದನ್ನು ಹೇಳಿದರು. ಅದನ್ನು ಹೇಳುವಾಗ ನಗು ಇರಲಿಲ್ಲ. ಆಮೇಲೆ ಅದೇ ಹೂಳಿನಲ್ಲಿ ಮರುವರ್ಷ ಬೆಳೆದ ಬದನೆಯ ಗಾತ್ರವನ್ನು ಕೈ ಅಗಲಿಸಿ ತೋರಿಸಿದರು. ಆ ಕೈಯ ಅಗಲ ನೋಡಿದರೆ ಅದು ಕುಂಬಳಕಾಯಿ ಇರಬೇಕು. ಮಹಾಲಿಂಗಪ್ಪ ತಕರಾರು ಮಾಡಲಿಲ್ಲ.

ಸಂತೆಯ ದಿನ ಹೊಳೆಮಣ್ಣೂರಿನ ಹೆಂಗಸರು ಚೀಲ ಹೊತ್ತು ಬಂದಾಗ ಮಾಯವ್ವನ ಎಮ್ಮೆಯ ಬಗ್ಗೆ ಗಿರಣಿಯಲ್ಲಿ ದೊಡ್ಡ ವಾದವಾಯಿತು. ತಮ್ಮ ಹೊಸಮನೆಯಲ್ಲಿ ಎಮ್ಮೆಯಲ್ಲ, ಹೊಟ್ಟು ತುಂಬಿದೆ ಎಂದಳೊಬ್ಬಳು. ಮಳೆಗಾಲಕ್ಕೆ ಮೇಲೆ, ಬೇಸಿಗೆಗೆ ಕೆಳಗೆ, ತಮಗೆ ದೊಡ್ಡ ಸಾಹುಕಾರರಂತೆ ಎರಡೆರಡು ಬಂಗಲೆ ಎಂದಳು ಇನ್ನೊಬ್ಬಳು. ಮದರಬಿಗೆ ಇದಾವುದೂ ಸೇರಲಿಲ್ಲ. "ನನ್ನ ಗುಡ್ಡ ಒಂದಽ ಸಲ ತೋರಿಸಿದ್ರಿ. ಇವರ ಊರ ಬಂತು, ಇನ್ನ ಎಮ್ಮಿನೂ ಬರೂದೈತೇನು?" ಎಂದು ಮಹಾಲಿಂಗಪ್ಪನನ್ನೇ ಝಾಡಿಸಿದರು.

ಎಮ್ಮೆ ಬರುವುದು ಗ್ಯಾರಂಟಿ. ಮಾಯವ್ವನ ಮಾತು ಕೇಳಿದ ಶ್ವೇತಾ ಒಂದಿಡೀ ಕಂತನ್ನೇ ಫ್ಯಾನಿನ ಕೆಳಗಿನ ಎಮ್ಮೆಗೆ ಮೀಸಲಿಡುತ್ತಿದ್ದಾರೆ. ಈ ಸಲವಾದರೂ ಕಾಕಾನ ಹೆಸರು ಕೊನೆಗೆ ಹಾಕುತ್ತೇವೆ ಎಂದು ಹಟ ಹಿಡಿದಿದ್ದಾರೆ. "ಆ ಹೆಸರು ಓಡೂ ಜೋರಿಗೆ ಗದಗ ಬಸ್ಸರ ಹಿಡಿಬಹುದು, ನಿನ್ನ ಹೆಸರ ಹಿಡಿಯಾಕ ಆಗಂಗಿಲ್ಲ," ಎಂಬುದು ಪರಶಪ್ಪನ ತೀರ್ಪು. ಮಹಾಲಿಂಗಪ್ಪನ ಬೇಡಿಕೆ ಬೇರೆಯೇ ಇದೆ. "ಹಾಕೂದಿದ್ರ ನಮ್ಮತ್ತಿ ಹೆಸರ ಹಾಕ್ರಿ. ಎಮ್ಮಿ ಆಕಿದು."

ಈಗ ಮಧ್ಯಾಹ್ನದ ಬುತ್ತಿಯನ್ನು ಸಿದ್ದಲಿಂಗವ್ವ ತಾವೇ ತರುತ್ತಾರೆ. ಜೋಳದ ಚೀಲದ ಮೇಲೆ ಕೂತು, ಗಂಡ ಉಣ್ಣುವ ತನಕ ತಮ್ಮೂರಿನ ಒಂದಿಲ್ಲೊಂದು ಸುದ್ದಿ ತೆಗೆಯುತ್ತಾರೆ. ಊಟ ಮುಗಿದರೂ ಮೋಟರು ಶುರುವಾಗುವುದಿಲ್ಲ. ಬಾಗಿಲಲ್ಲಿ ಕಾದವರು ಇಣುಕುತ್ತಾರೆ.

"ಅಣ್ಣಾರ, ಕರೆಂಟ ಇಲ್ಲೇನ್ರಿ?"

"ಐತಿ. ತಡೀರಿ ಸ್ವಲ್ಪ," ಎನ್ನುತ್ತಾರೆ ಮಹಾಲಿಂಗಪ್ಪ, ಹೆಂಡತಿಯ ತುಟಿಯ ಮೇಲಿಂದ ಕಣ್ಣು ತೆಗೆಯದೆ.

ಆಕೆ ಊರಿನ ಮಾತಾಡದೆ ಕಳೆದ ಆ ವರ್ಷಗಳಲ್ಲಿ ಉಂಡದ್ದು ತಮಗೆ ರುಚಿಸುತ್ತಿರಲಿಲ್ಲ ಎಂಬುದನ್ನು ಅವರು ಸಿದ್ದಲಿಂಗವ್ವನಿಗೆ ಒಮ್ಮೆಯೂ ಹೇಳಿಲ್ಲ.